ಬಿಪಿ ನೋಡ್ತೀರಿ, ಶುಗರ್ ನೋಡ್ತೀರಿ. ಉಸಿರನ್ನೂ ಒಮ್ಮೆ ಅಳೆಯಿರಿ

ನಮ್ಮ ಊರೂರಿನ ಫ್ಯಾಮಿಲಿ ಡಾಕ್ಟರುಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳಿಗೆ ಮತ್ತು ಕರ್ನಾಟಕದ ಆರೋಗ್ಯ ಸಚಿವರಿಗೆ,

ನಮಸ್ಕಾರ.

ನಾನು ಡಾಕ್ಟರಲ್ಲ. ದಾವಣಗೆರೆಯ ಒಂದು ಆಸ್ಪತ್ರೆಯ ಎದೆರೋಗ ವಿಭಾಗದಲ್ಲಿ ಊದಿಸುವ ಮೆಷಿನ್ ನಡೆಸುವ ಟೆಕ್ನಿಷಿಯನ್. ರಿಪೋರ್ಟಿನ ಮೇಲೆ ಸ್ಪೈರೊಮೆಟ್ರಿ ಅಂತ ಬರೆದಿರುತ್ತದೆ. ಕೆಲವರು ಪಿಎಫ್‌ಟಿ ಅನ್ನುತ್ತಾರೆ. ಹಳ್ಳಿಯಿಂದ ಬರುವವರು ಮಾತ್ರ "ಊದೋ ಟೆಸ್ಟ್ ಎಲ್ಲಿ ಮಾಡ್ತಾರೆ?" ಅಂತ ಕೇಳಿಕೊಂಡು ನನ್ನ ರೂಮಿಗೆ ಬರುತ್ತಾರೆ. ಹದಿನಾರು ವರ್ಷದಿಂದ ಇದೇ ಕೆಲಸ. "ಊದಿ, ಊದಿ, ಇನ್ನೂ ಊದಿ, ಬಿಡಬೇಡಿ" ಅಂತ ದಿನಕ್ಕೆ ಹತ್ತು ಹನ್ನೆರಡು ಜನರ ಎದುರು ನಿಂತು ಕೂಗುತ್ತೇನೆ. ಸಂಜೆ ಹೊತ್ತಿಗೆ ನನ್ನ ಗಂಟಲೇ ಕಟ್ಟಿರುತ್ತದೆ.

ಹೋದ ಚಳಿಗಾಲದಲ್ಲಿ ಒಬ್ಬ ಅಮ್ಮ ಬಂದರು. ವಯಸ್ಸು 57. ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಬೀಡಿ ಮುಟ್ಟಿದವರಲ್ಲ. ಜೊತೆಗೆ ಬಂದಿದ್ದ ಮಗ ಪ್ಲಾಸ್ಟಿಕ್ ಕವರಿನಲ್ಲಿ ಒಂಬತ್ತು ವರ್ಷದ ಚೀಟಿಗಳನ್ನು ತಂದಿದ್ದ. ಅಮ್ಮ ಸುಧಾರಿಸಿಕೊಳ್ಳುವ ತನಕ ನಾನು ಅವನ್ನು ಒಂದೊಂದಾಗಿ ನೋಡಿದೆ. ಪ್ರತಿ ಚೀಟಿಯಲ್ಲೂ ಬಿಪಿ ಬರೆದಿತ್ತು. ಶುಗರ್ ಹನ್ನೊಂದು ಸಲ ನೋಡಿದ್ದರು. ಎದೆಯ ಎಕ್ಸ್‌ರೇ ನಾಲ್ಕು, ಇಸಿಜಿ ಮೂರು. ಕಫದ ಪರೀಕ್ಷೆ ಎರಡು ಸಲ ಆಗಿತ್ತು. ಎರಡರಲ್ಲೂ ಟಿಬಿ ಇಲ್ಲ ಅಂತ ಬಂದಿತ್ತು, ಆದರೂ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದ್ದರು. ಕೆಮ್ಮಿನ ಸಿರಪ್ಪಿಗೆ, ಡೆರಿಫಿಲಿನ್ ಇಂಜೆಕ್ಷನ್ನಿಗೆ ಲೆಕ್ಕವೇ ಇರಲಿಲ್ಲ. ಒಂದು ಚೀಟಿಯಲ್ಲಿ "ಅಲರ್ಜಿ", ಇನ್ನೊಂದರಲ್ಲಿ "ಅಸ್ತಮಾ" ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ, ಮತ್ತೊಂದರಲ್ಲಿ "ಹಾರ್ಟ್ ತೋರಿಸಿ". ಊದಿಸಿದ ರಿಪೋರ್ಟ್ ಮಾತ್ರ ಒಂದೂ ಇರಲಿಲ್ಲ.

ಅವತ್ತು ಊದಿದರು. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ, ಅವರ ವಯಸ್ಸಿಗೆ ಮತ್ತು ಎತ್ತರಕ್ಕೆ ಬರಬೇಕಾದದ್ದರಲ್ಲಿ ಶೇಕಡಾ 38 ಇತ್ತು. ಇನ್ಹೇಲರ್ ಔಷಧಿ ಎಳೆಸಿ, ಕಾಲು ಗಂಟೆ ಕೂರಿಸಿ ಮತ್ತೆ ಊದಿಸಿದೆ. 41ಕ್ಕೆ ಬಂತು. ಅಷ್ಟೇ. ಎಲ್ಲ ಸೇರಿ ನಲವತ್ತು ನಿಮಿಷದ ಕೆಲಸ. ಆ ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದರು: "ಇಷ್ಟೇನಾ ಮೇಡಂ? ಸೂಜಿ ಇಲ್ಲ, ಏನಿಲ್ಲ. ಇದನ್ನ ಮೊದಲೇ ಯಾಕೆ ಯಾರೂ ಮಾಡಿಸ್ಲಿಲ್ಲ?"

ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಒಂಬತ್ತು ವರ್ಷ ಅವರನ್ನು ನೋಡಿದ ಡಾಕ್ಟರುಗಳ ಮೇಲೆ ನನಗೆ ಕೋಪ ಇಲ್ಲ. ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿದರೂ ಎದ್ದು ಬಂದು ನೆಬ್ಯುಲೈಸರ್ ಕೊಟ್ಟವರು ಅವರೇ. ದುಡ್ಡಿಲ್ಲ ಅಂದಾಗ ಫೀಸ್ ಬಿಟ್ಟವರೂ ಅವರೇ. ಆ ಕವರಿನಲ್ಲಿ ಅದೂ ಕಾಣುತ್ತಿತ್ತು. ಆದರೆ ಅವರ ಮೇಜಿನ ಮೇಲೆ ಬಿಪಿ ಮೆಷಿನ್ ಇತ್ತು, ಗ್ಲುಕೋಮೀಟರ್ ಇತ್ತು, ಉಸಿರು ಅಳೆಯುವ ಸಾಧನ ಇರಲಿಲ್ಲ. ಸಾಧನ ಇಲ್ಲದ ಕಡೆ ಅಳೆಯಬೇಕು ಅನ್ನುವ ಯೋಚನೆಯೂ ಬರುವುದಿಲ್ಲ.

ಓದುವ ಬೇರೆಯವರಿಗೂ ಗೊತ್ತಾಗಲಿ ಅಂತ ಈ ಟೆಸ್ಟ್ ಏನು ಅಂತ ಸ್ವಲ್ಪ ಹೇಳುತ್ತೇನೆ. ನೆಟ್ಟಗೆ ಕೂತು, ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರು ಎಳೆದುಕೊಂಡು, ಕೊಳವೆಗೆ ತುಟಿ ಬಿಗಿದು, ಒಂದೇ ಸಲ ಜೋರಾಗಿ ಊದಬೇಕು. ಒಳಗಿನ ಗಾಳಿ ಪೂರ್ತಿ ಖಾಲಿಯಾಗುವ ತನಕ, ದೊಡ್ಡವರಾದರೆ ಸಾಮಾನ್ಯವಾಗಿ ಆರು ಸೆಕೆಂಡಾದರೂ, ಊದುತ್ತಲೇ ಇರಬೇಕು. ಮೆಷಿನ್ ಎರಡು ಮುಖ್ಯ ಲೆಕ್ಕ ಕೊಡುತ್ತದೆ. ಒಟ್ಟು ಎಷ್ಟು ಗಾಳಿ ಹೊರಬಂತು ಅನ್ನುವುದು ಒಂದು. ಅದರಲ್ಲಿ ಮೊದಲ ಸೆಕೆಂಡಿನಲ್ಲೇ ಎಷ್ಟು ಬಂತು ಅನ್ನುವುದು ಇನ್ನೊಂದು. ಆರೋಗ್ಯವಾಗಿರುವ ಶ್ವಾಸಕೋಶ ಮೊದಲ ಸೆಕೆಂಡಿನಲ್ಲೇ ಮುಕ್ಕಾಲು ಪಾಲು ಗಾಳಿಯನ್ನು ಹೊರಗೆ ತಳ್ಳುತ್ತದೆ. ಉಸಿರಿನ ಕೊಳವೆಗಳು ಕಿರಿದಾಗಿದ್ದರೆ ಗಾಳಿ ತಡವರಿಸಿಕೊಂಡು ಬರುತ್ತದೆ. ಔಷಧಿ ಕೊಟ್ಟ ಮೇಲೂ ಆ ಪಾಲು ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಇದ್ದು, ರೋಗಿಯ ತೊಂದರೆಯೂ ಅದಕ್ಕೆ ಹೊಂದಿದರೆ ಡಾಕ್ಟರು ಸಿಒಪಿಡಿ ಅನ್ನುತ್ತಾರೆ. ಉಸಿರಿನ ದಾರಿ ಕಿರಿದಾಗಿ, ಪೂರ್ತಿ ಮೊದಲಿನಂತೆ ಆಗದೆ ಉಳಿಯುವ ಕಾಯಿಲೆ ಅದು. ಔಷಧಿ ಕೊಟ್ಟ ಮೇಲೆ ಗಾಳಿ ಚೆನ್ನಾಗಿ ಹೆಚ್ಚಿದರೆ ಅಸ್ತಮಾ ಇರಬಹುದು ಅನ್ನುವ ಅನುಮಾನ ಬಲವಾಗುತ್ತದೆ. ನಮ್ಮ ಜನ ಎರಡಕ್ಕೂ ದಮ್ಮು ಅನ್ನುತ್ತಾರೆ, ಉಬ್ಬಸ ಅನ್ನುತ್ತಾರೆ. ಚಿಕಿತ್ಸೆ ಮಾತ್ರ ಒಂದೇ ಅಲ್ಲ.

ಇದೇನು ನಿನ್ನೆ ಮೊನ್ನೆ ಬಂದ ಯಂತ್ರವೂ ಅಲ್ಲ. ಲಂಡನ್ನಿನ ಜಾನ್ ಹಚಿನ್ಸನ್ ಅನ್ನುವ ವೈದ್ಯರು 1846ರಲ್ಲೇ ಎರಡು ಸಾವಿರಕ್ಕಿಂತ ಜಾಸ್ತಿ ಜನರ ಉಸಿರು ಅಳೆದು ಪ್ರಕಟಿಸಿದ್ದರು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವ ಪದ್ಧತಿ ಬಂದದ್ದು ಅದಾದ ಮೇಲೆ ಐವತ್ತು ವರ್ಷಕ್ಕೆ. ಆಮೇಲೆ ಬಂದ ಬಿಪಿ ಮೆಷಿನ್ ಪ್ರತಿ ಕ್ಲಿನಿಕ್ಕಿನ ಮೇಜಿಗೆ ತಲುಪಿತು. ಮೊದಲೇ ಬಂದ ಊದೋ ಮೆಷಿನ್ ದೊಡ್ಡಾಸ್ಪತ್ರೆಯ ಕೊನೆಯ ರೂಮಿನಲ್ಲೇ ಉಳಿಯಿತು.

"ಎಕ್ಸ್‌ರೇ ನೋಡಿದ್ದೀವಲ್ಲ" ಅಂತ ಕೆಲವರು ಕೇಳುತ್ತಾರೆ. ಎಕ್ಸ್‌ರೇ ಬೇಕು. ಟಿಬಿ, ನ್ಯುಮೋನಿಯಾ, ಗಡ್ಡೆ ನೋಡಲು ಅದು ಬೇಕೇ ಬೇಕು. ಆದರೆ ಸಿಒಪಿಡಿ ಶುರುವಿನ ಹಂತದಲ್ಲಿದ್ದಾಗ ಎಕ್ಸ್‌ರೇ ಪೂರ್ತಿ ಸರಿಯಾಗಿಯೇ ಕಾಣಬಹುದು. ಸ್ಟೆತಸ್ಕೋಪಿಗೂ ಏನೂ ಕೇಳಿಸದೆ ಇರಬಹುದು. ಫೋಟೋ ನೋಡಿದರೆ ಕೊಳಲು ಹೇಗೆ ನುಡಿಯುತ್ತದೆ ಅಂತ ಗೊತ್ತಾಗುವುದಿಲ್ಲ ಅಲ್ವಾ? ಊದಿಯೇ ನೋಡಬೇಕು.

ಇದು ಫ್ಯಾಮಿಲಿ ಡಾಕ್ಟರ ಹತ್ತಿರವೇ ಯಾಕೆ ಆಗಬೇಕು ಅನ್ನುವುದಕ್ಕೆ ಬರುತ್ತೇನೆ. ನನ್ನ ಇಡೀ ಪತ್ರ ಇದಕ್ಕಾಗಿಯೇ.

ನಮ್ಮ ಶ್ವಾಸಕೋಶಕ್ಕೆ ಉಳಿತಾಯ ಜಾಸ್ತಿ. ಮೂವತ್ತು ದಾಟಿದ ಮೇಲೆ ಆರೋಗ್ಯವಂತರಿಗೂ ಮೊದಲ ಸೆಕೆಂಡಿನ ಗಾಳಿ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಕಡಿಮೆ ಆಗುತ್ತಾ ಹೋಗುತ್ತದೆ. ಹೊಗೆ ಕುಡಿದ ಶ್ವಾಸಕೋಶದಲ್ಲಿ ಅದರ ಎರಡರಷ್ಟು ಹೋಗಬಹುದು. ಆದರೂ ಬಹಳ ವರ್ಷ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಮನುಷ್ಯ ತನ್ನ ಬದುಕನ್ನೇ ಸಣ್ಣದು ಮಾಡಿಕೊಂಡಿರುತ್ತಾನೆ. ಮೊದಲು ಗುಡ್ಡದ ಗುಡಿಗೆ ಹೋಗುವುದು ಬಿಡುತ್ತಾನೆ. ಆಮೇಲೆ ಸಂತೆಗೆ ನಡೆದು ಹೋಗುವುದು ಬಿಡುತ್ತಾನೆ. ಮನೆಗೆ ನೀರು ತರುವುದು ಮಗಳ ಪಾಲಿಗೆ ಬರುತ್ತದೆ. ಕೇಳಿದರೆ "ವಯಸ್ಸಾಯ್ತಲ್ಲ" ಅನ್ನುತ್ತಾರೆ. ಐವತ್ತಕ್ಕೆ ಏನು ವಯಸ್ಸಾಗುತ್ತದೆ?

ಹೀಗೆ ಬದುಕು ಸಣ್ಣದಾಗುತ್ತಾ ಇರುವಾಗ ಅವರು ನನ್ನ ಹತ್ತಿರ ಬರುವುದಿಲ್ಲ. ಎದೆರೋಗ ತಜ್ಞರ ಹತ್ತಿರವೂ ಹೋಗುವುದಿಲ್ಲ. ಬರುವುದು ನಿಮ್ಮ ಹತ್ತಿರ. ಚಳಿಗಾಲದಲ್ಲಿ ಮೂರು ಸಲ ಕೆಮ್ಮು ಅಂತ ಬರುತ್ತಾರೆ. ಮಂಡಿ ನೋವಿಗೆ ಬಂದಾಗ "ಹಾಂ, ಸ್ವಲ್ಪ ಮೇಲುಸಿರೂ ಬರುತ್ತೆ" ಅನ್ನುತ್ತಾರೆ. ಮೊಮ್ಮಗನ ಜ್ವರಕ್ಕೆ ಬಂದ ಅಜ್ಜಿ ಮೆಟ್ಟಿಲು ಹತ್ತಿ ಬಂದು ಎರಡು ನಿಮಿಷ ಮಾತಾಡಲು ಆಗದೆ ಕೂರುತ್ತಾರೆ. ಇದೆಲ್ಲ ನೋಡುವ ಭಾಗ್ಯ ಇರುವುದು ಮನೆ ಡಾಕ್ಟರಿಗೆ ಮಾತ್ರ. ನನ್ನ ರೂಮಿಗೆ ಬರುವ ಹೊತ್ತಿಗೆ ಎಷ್ಟೋ ಜನರ ಉಸಿರು ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತದೆ. ಹೋದದ್ದನ್ನು ಯಾರೂ ವಾಪಸ್ ತಂದುಕೊಡಲು ಆಗುವುದಿಲ್ಲ. ಉಳಿದದ್ದನ್ನು ಕಾಪಾಡಬಹುದು, ಅಷ್ಟೇ.

ಲೆಕ್ಕ ನೋಡಿ. 2016ರಲ್ಲಿ ನಮ್ಮ ದೇಶದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ ಇತ್ತು ಅಂತ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿತು. ಆ ಒಂದು ವರ್ಷದಲ್ಲಿ ಅದರಿಂದ ಸತ್ತವರು 8 ಲಕ್ಷಕ್ಕಿಂತ ಜಾಸ್ತಿ. ಹೃದಯದ ಕಾಯಿಲೆ ಬಿಟ್ಟರೆ ನಮ್ಮಲ್ಲಿ ಅತಿ ಹೆಚ್ಚು ಜನರ ಜೀವ ತೆಗೆದದ್ದು ಇದೇ. ಇನ್ನೊಂದು ಮಾತನ್ನೂ ಆ ಅಧ್ಯಯನ ಹೇಳಿತು. ನಮ್ಮ ದೇಶದಲ್ಲಿ ಈ ಕಾಯಿಲೆಯ ಹೊರೆಗೆ ಅರ್ಧಕ್ಕಿಂತ ಜಾಸ್ತಿ ಕಾರಣ ಗಾಳಿಯ ಮಾಲಿನ್ಯ, ಮನೆಯೊಳಗಿನ ಹೊಗೆಯೂ ಅದರಲ್ಲಿ ಸೇರಿದೆ. ತಂಬಾಕಿನ ಪಾಲು ಸುಮಾರು ಕಾಲು ಭಾಗ.

ಬೀಡಿ ಸೇದಲ್ಲ ಅಂದ ಕೂಡಲೇ ಶ್ವಾಸಕೋಶ ಚೆನ್ನಾಗಿದೆ ಅಂದುಕೊಳ್ಳುವ ಅಭ್ಯಾಸ ನಮಗೆ ಹೇಗೆ ಬಂತೋ. ನಮ್ಮ ತಾಯಂದಿರನ್ನು ಅದು ಲೆಕ್ಕದಿಂದಲೇ ಬಿಟ್ಟುಬಿಟ್ಟಿದೆ.

ನಮ್ಮವ್ವ ಸೌದೆ ಒಲೆಯ ಮುಂದೆ ಮೂವತ್ತೆಂಟು ವರ್ಷ ಕೂತಿದ್ದಳು. ಹತ್ತಿ ಕಟ್ಟಿಗೆ, ಜೋಳದ ದಂಟು, ಕುಳ್ಳು. ಮಳೆಗಾಲದಲ್ಲಿ ಸೌದೆ ಹಸಿ ಇರುತ್ತಿತ್ತು, ಒಲೆ ಹತ್ತುತ್ತಿರಲಿಲ್ಲ. ಊದುಗೊಳವೆ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ಊದುತ್ತಿದ್ದಳು. ನಾನು ಅವಳ ಬೆನ್ನಿಗೆ ಒರಗಿ ಕೂತು ಪಾಠ ಓದುತ್ತಿದ್ದೆ. ಅವಳ ಎದೆಯ ಗೊರಗೊರ ನನ್ನ ಬೆನ್ನಿಗೆ ಕೇಳಿಸುತ್ತಿತ್ತು. ಎಲ್ಲರ ಅವ್ವಂದಿರ ಎದೆಯೂ ಹಾಗೇ ಸದ್ದು ಮಾಡುತ್ತದೆ ಅಂದುಕೊಂಡಿದ್ದೆ. ನಾನು ಈ ಕೆಲಸ ಕಲಿತ ಮೇಲೆ ಅವಳನ್ನು ಕರೆದುಕೊಂಡು ಬಂದು ಊದಿಸಿದೆ. ಆಗ ಅವಳಿಗೆ 61. ಬಂದ ಅಂಕಿಯನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಐದು ವರ್ಷ ಬದುಕಿದಳು, ಕೊನೆಯ ಎರಡು ವರ್ಷ ಆಕ್ಸಿಜನ್ ಹಚ್ಚಿಕೊಂಡು. ಗ್ಯಾಸ್ ಒಲೆ ನಮ್ಮ ಮನೆಗೆ ಬಂದಾಗ ಅವಳು ಅಡುಗೆ ಮಾಡುವುದನ್ನೇ ಬಿಟ್ಟಿದ್ದಳು.

ಹಳ್ಳಿ ಹೆಂಗಸರಿಗೆ ಈ ಟೆಸ್ಟ್ ಹೇಳಿಕೊಡುವಾಗ ನಾನು ಊದುಗೊಳವೆಯ ನೆನಪು ಮಾಡುತ್ತೇನೆ. "ಒಲೆ ಊದಿದ ಹಾಗೆ ನಿಧಾನಕ್ಕೆ ಅಲ್ಲಮ್ಮ. ಒಮ್ಮೆಲೇ ಸಿಡಿದ ಹಾಗೆ ಬಿಡಬೇಕು, ಆಮೇಲೆ ಒಲೆ ಊದಿದ ಹಾಗೆ ಕೊನೆ ತನಕ ಹಿಡಿಯಬೇಕು." ತಕ್ಷಣ ಅರ್ಥ ಆಗುತ್ತದೆ.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ನೋಡಿ 2013ರಲ್ಲಿ ಒಂದು ಸುಲಭ ಲೆಕ್ಕ ಕೊಟ್ಟರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ, ಎಷ್ಟು ವರ್ಷ. ಎರಡನ್ನೂ ಗುಣಿಸಿ. 60 ದಾಟಿದರೆ ವರ್ಷ ವರ್ಷವೂ ಬಿಡದೆ ಬರುವ ಕಫದ ಕೆಮ್ಮಿನ ಅಪಾಯ ಎದ್ದು ಕಾಣುವಷ್ಟು ಹೆಚ್ಚುತ್ತದೆ. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ ಅಂದರೆ 60 ಆಯಿತು. ಇಪ್ಪತ್ತಕ್ಕೆ ಮದುವೆಯಾದ ಹೆಣ್ಣುಮಗಳು ನಲವತ್ತಕ್ಕೆ ಆ ಗೆರೆ ಮುಟ್ಟುತ್ತಾಳೆ. ನಮ್ಮವ್ವನ ಲೆಕ್ಕ ನೂರು ದಾಟಿತ್ತು. ಡಾಕ್ಟರೇ, ಈ ಒಂದು ಗುಣಾಕಾರಕ್ಕೆ ಮೆಷಿನ್ನೂ ಬೇಡ. ಎರಡು ಪ್ರಶ್ನೆ ಸಾಕು.

2016ರಲ್ಲಿ ಉಜ್ವಲಾ ಬಂತು, 2017ರಲ್ಲಿ ನಮ್ಮ ರಾಜ್ಯದ ಅನಿಲ ಭಾಗ್ಯ ಬಂತು. ಒಳ್ಳೆಯ ಕೆಲಸ. ಆದರೆ ನನ್ನ ಹತ್ತಿರ ಬರುವ ಎಷ್ಟೋ ಮನೆಗಳಲ್ಲಿ ಚಹಾಕ್ಕೆ ಗ್ಯಾಸು, ರೊಟ್ಟಿಗೆ ಮತ್ತು ಸ್ನಾನದ ನೀರಿಗೆ ಸೌದೆ. ಇನ್ನು, ಹೊಗೆ ಇವತ್ತು ನಿಂತರೂ ಇಪ್ಪತ್ತು ವರ್ಷ ಕುಡಿದ ಹೊಗೆಯ ಗುರುತು ಎದೆಯಲ್ಲಿ ಉಳಿದೇ ಇರುತ್ತದೆ.

ಒಲೆಯೊಂದೇ ಅಲ್ಲ. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಭತ್ತದ ಹೊಟ್ಟಿನ ಜೊತೆಗೆ ಹಳೇ ಟೈರು ಸುಟ್ಟ ಕಾಲವನ್ನು ನಾವೆಲ್ಲ ನೋಡಿದ್ದೇವೆ. ಮಂಡ್ಯದ ಕಡೆ ಆಲೆಮನೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಹದ ಮಾಡುವ ಬ್ಯಾರನ್. ಶಿಡ್ಲಘಟ್ಟ, ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು. ಇಳಕಲ್ಲಿನ ಕಲ್ಲು ಕ್ವಾರಿ. ಗಂಗಾವತಿಯ ಅಕ್ಕಿ ಗಿರಣಿ. ಎಲ್ಲ ಊರಿಗೂ ಅದರದೇ ಹೊಗೆ ಇದೆ, ಅದರದೇ ಧೂಳು ಇದೆ. ನಿಮ್ಮ ಊರಿನದು ಯಾವುದು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹಾಗಂತ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಊದಿಸಿ ಅಂತ ನಾನು ಕೇಳುತ್ತಿಲ್ಲ. ಕೆಮ್ಮು, ದಮ್ಮು ಏನೂ ಇಲ್ಲದವರಿಗೆ ಸುಮ್ನೆ ಈ ಟೆಸ್ಟ್ ಮಾಡುವುದರಿಂದ ಲಾಭ ಇಲ್ಲ ಅಂತ ಅಮೆರಿಕದ ತಜ್ಞರ ಮಂಡಳಿ 2016ರಲ್ಲೂ ಹೇಳಿತು, 2022ರಲ್ಲೂ ಹೇಳಿತು. ನನಗೂ ಅದು ಸರಿ ಅನ್ನಿಸುತ್ತದೆ. ಕ್ಯಾಂಪ್ ಹಾಕಿ, ಬ್ಯಾನರ್ ಕಟ್ಟಿ, ಒಂದೇ ದಿನ ಮುನ್ನೂರು ಜನರನ್ನು ಊದಿಸುವುದನ್ನು ನೋಡಿದ್ದೇನೆ. ಅದರಲ್ಲಿ ಅರ್ಧದಷ್ಟು ಸರಿಯಾಗಿ ಊದಿರುವುದೇ ಇಲ್ಲ. ನಾನು ಕೇಳುವುದು ಬೇರೆ. ನಲವತ್ತು ದಾಟಿದವರು, ಹೊಗೆಯಲ್ಲೋ ಧೂಳಿನಲ್ಲೋ ಬದುಕಿದವರು ಅಥವಾ ಬೀಡಿ ಸಿಗರೇಟ್ ಸೇದುವವರು, ಅವರಿಗೆ ಬಿಡದ ಕೆಮ್ಮು, ಕಫ, ಏದುಸಿರು ಇದ್ದರೆ, ದಯವಿಟ್ಟು ಮೂರನೇ ಸಿರಪ್ ಬರೆಯುವ ಮುಂಚೆ ಒಮ್ಮೆ ಊದಿಸಿ. ಹಿಂದೆ ಟಿಬಿ ಬಂದು ವಾಸಿಯಾದವರನ್ನೂ ಮರೆಯಬೇಡಿ. ಟಿಬಿ ಹೋದರೂ ಅದು ಮಾಡಿದ ಗಾಯ ಶ್ವಾಸಕೋಶದಲ್ಲಿ ಉಳಿದು ಉಸಿರಿನ ದಾರಿ ಕಿರಿದಾಗಿರಬಹುದು.

ಊದಿಸಿದರೆ ಏನು ಸಿಗುತ್ತದೆ ಅಂತ ನೀವು ಕೇಳಬಹುದು. ಕೆನಡಾದಲ್ಲಿ 38,000ಕ್ಕಿಂತ ಜಾಸ್ತಿ ಜನರನ್ನು ಫೋನಿನಲ್ಲಿ ವಿಚಾರಿಸಿ, ಉಸಿರಿನ ತೊಂದರೆ ಇದ್ದವರನ್ನು ಹುಡುಕಿ ಊದಿಸಿದರು. ತಮಗೆ ಅಸ್ತಮಾ ಅಥವಾ ಸಿಒಪಿಡಿ ಇದೆ ಅಂತ ಗೊತ್ತೇ ಇಲ್ಲದ ಸುಮಾರು 600 ಜನ ಸಿಕ್ಕರು. ಅವರಲ್ಲಿ ಅಧ್ಯಯನಕ್ಕೆ ಸೇರಿದ 508 ಜನರಲ್ಲಿ ಅರ್ಧ ಜನರಿಗೆ ಎದೆರೋಗ ತಜ್ಞರ ಚಿಕಿತ್ಸೆ, ಇನ್ನರ್ಧಕ್ಕೆ ಮಾಮೂಲಿ ಡಾಕ್ಟರ ಚಿಕಿತ್ಸೆ. ತಜ್ಞರು ನೋಡಿದವರು ಉಸಿರಿನ ತೊಂದರೆಗೆ ಆಸ್ಪತ್ರೆಗೆ ಓಡಾಡುವುದು ಮುಂದಿನ ಒಂದು ವರ್ಷದಲ್ಲಿ ಸುಮಾರು ಅರ್ಧದಷ್ಟು ಕಡಿಮೆ ಇತ್ತು. ಇದು 2024ರಲ್ಲಿ ಪ್ರಕಟವಾಯಿತು. ನನಗೆ ಇಷ್ಟವಾದ ವಿಷಯ ಇನ್ನೊಂದಿದೆ: ಮಾಮೂಲಿ ಡಾಕ್ಟರು ನೋಡಿದವರ ಉಸಿರೂ ಮೊದಲಿಗಿಂತ ಸುಧಾರಿಸಿತ್ತು. ಕಾಯಿಲೆಗೆ ಒಂದು ಹೆಸರು ಸಿಕ್ಕಿದ್ದೇ ಅವರಿಗೂ ಉಪಕಾರ ಮಾಡಿತು ಅಂತ ನಾನು ತಿಳಿದಿದ್ದೇನೆ.

ಇಂಗ್ಲೆಂಡಿನ ಐದು ಫ್ಯಾಮಿಲಿ ಕ್ಲಿನಿಕ್ಕುಗಳಲ್ಲಿ 561 ಜನ ಸಿಗರೇಟು ಸೇದುವವರನ್ನು ಊದಿಸಿದ ಕತೆಯನ್ನಂತೂ ನಾನು ಎಲ್ಲರಿಗೂ ಹೇಳುತ್ತೇನೆ. ಅರ್ಧ ಜನರಿಗೆ ಬರೀ ಅಂಕಿ ಹೇಳಿದರು. ಉಳಿದ ಅರ್ಧ ಜನರಿಗೆ "ನಿಮ್ಮ ಶ್ವಾಸಕೋಶದ ವಯಸ್ಸು ಇಷ್ಟು" ಅಂತ ಹೇಳಿದರು. ಒಂದು ವರ್ಷದ ಮೇಲೆ ನೋಡಿದರೆ, ಅಂಕಿ ಕೇಳಿದವರಲ್ಲಿ ನೂರಕ್ಕೆ 6.4 ಜನ ಸಿಗರೇಟ್ ಬಿಟ್ಟಿದ್ದರು. ವಯಸ್ಸು ಕೇಳಿದವರಲ್ಲಿ 13.6. ಇದು 2008ರ ಮಾತು. ನಾನೂ ಹಾಗೇ ಹೇಳಿ ನೋಡಿದ್ದೇನೆ. ಹರಿಹರದ ಕಡೆಯ ಒಬ್ಬ ಲಾರಿ ಡ್ರೈವರಿಗೆ "ಅಣ್ಣಾ, ನಿಮಗೆ 44, ನಿಮ್ಮ ಶ್ವಾಸಕೋಶಕ್ಕೆ 70" ಅಂದೆ. ಆತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನಮ್ಮಪ್ಪಗೆ 70 ಈಗ" ಅಂದರು. ಮುಂದಿನ ಸಲ ಬಂದಾಗ ಜೇಬಿನಲ್ಲಿ ಬೀಡಿ ಕಟ್ಟು ಇರಲಿಲ್ಲ.

ಹೆಸರು ಗೊತ್ತಾದ ಮೇಲೆ ಔಷಧಿಯೂ ದಾರಿಗೆ ಬರುತ್ತದೆ. "ಪಂಪ್ ಹಾಕಿದರೆ ಚಟ ಆಗುತ್ತೆ, ಅದು ಕೊನೇ ಹಂತದವರಿಗೆ" ಅಂತ ನಮ್ಮ ಜನ ಇನ್ಹೇಲರ್ ಕಂಡರೆ ಹೆದರುತ್ತಾರೆ. ಅದೇ ಜನ ತಿಂಗಳಿಗೆ ಎರಡು ಸಲ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಹೆದರುವುದಿಲ್ಲ. ಅದು ಮೈಗೆಲ್ಲ ಹರಡುತ್ತದೆ, ಶುಗರ್ ಏರಿಸುತ್ತದೆ, ಮೂಳೆ ಸವೆಸುತ್ತದೆ. ಇನ್ಹೇಲರ್ ಬೇಕಾದ ಜಾಗಕ್ಕೆ ಮಾತ್ರ ಚೂರೇ ಚೂರು ಔಷಧಿ ತಲುಪಿಸುತ್ತದೆ. ಬಾಯಲ್ಲಿ ನೂರು ಸಲ ಹೇಳಿದರೂ ನಂಬದವರು, ಔಷಧಿ ಎಳೆಯುವ ಮುಂಚೆ ಊದಿದ್ದರ ಗೆರೆ (ಗ್ರಾಫ್) ಮತ್ತು ಆಮೇಲಿನ ಗೆರೆಯನ್ನು ಕಂಪ್ಯೂಟರ್ ಪರದೆಯ ಮೇಲೆ ಪಕ್ಕಪಕ್ಕ ನೋಡಿದಾಗ ನಂಬುತ್ತಾರೆ. ಅಸ್ತಮಾ ಇರುವವರಲ್ಲಂತೂ ಎರಡನೇ ಗೆರೆ ಎಷ್ಟು ಮೇಲೇರುತ್ತದೆ ಅಂದರೆ ಅವರ ಮುಖವೇ ಅರಳುತ್ತದೆ.

ಈಗ ನನ್ನ ಕಸುಬಿನ ಮಾತು. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಕೆಟ್ಟದಾಗಿ ಊದಿಸಿದ ಟೆಸ್ಟ್, ಮಾಡಿಸದೇ ಇರುವುದಕ್ಕಿಂತ ಕೆಟ್ಟದ್ದು. ಬಿಪಿ ನೋಡುವಾಗ ರೋಗಿ ಸುಮ್ಮನೆ ಕೂತಿದ್ದರೆ ಸಾಕು. ಇಲ್ಲಿ ಹಾಗಲ್ಲ, ಕೆಲಸ ಮಾಡುವುದು ರೋಗಿ. ತುಟಿ ಸಂದಿಯಿಂದ ಗಾಳಿ ಸೋರಿದರೆ ಲೆಕ್ಕ ತಪ್ಪುತ್ತದೆ. ಶುರುವಿನಲ್ಲಿ ಹಿಂಜರಿದರೆ, ಮೊದಲ ಸೆಕೆಂಡಿನಲ್ಲೇ ಕೆಮ್ಮಿದರೆ, ಎರಡು ಸೆಕೆಂಡಿಗೇ ಬಿಟ್ಟುಬಿಟ್ಟರೆ ರಿಪೋರ್ಟಿನಲ್ಲಿ ಇಲ್ಲದ ಕಾಯಿಲೆ ಇದ್ದಂತೆ ಕಾಣುತ್ತದೆ, ಇರುವ ಕಾಯಿಲೆ ಮುಚ್ಚಿಹೋಗುತ್ತದೆ. ಕನಿಷ್ಠ ಮೂರು ಒಳ್ಳೆಯ ಊದು ಬೇಕು, ಅವು ಒಂದಕ್ಕೊಂದು ಹತ್ತಿರ ಇರಬೇಕು. ಮೂರು ಲೀಟರಿನ ಸಿರಿಂಜಿನಿಂದ ಮೆಷಿನ್ನಿನ ಅಳತೆ ಸರಿಯಿದೆಯೇ ಅಂತ ನೋಡುತ್ತಿರಬೇಕು. ನಾನು ದಿನಾ ಬೆಳಿಗ್ಗೆ ಮೊದಲು ಮಾಡುವ ಕೆಲಸವೇ ಅದು. ಪ್ರತಿಯೊಬ್ಬರಿಗೂ ಹೊಸ ಫಿಲ್ಟರ್ ಹಾಕಬೇಕು. ನಮ್ಮ ಜನರ ಅಳತೆಗೆ ಹೊಂದುವ ಲೆಕ್ಕವನ್ನು ಮೆಷಿನ್ನಿನಲ್ಲಿ ಆರಿಸಿರಬೇಕು. ಯೂರೋಪಿನವರ ಅಳತೆ ಇಟ್ಟು ನೋಡಿದರೆ ಚೆನ್ನಾಗಿರುವ ರೈತನೂ ರೋಗಿಯಾಗಿ ಕಾಣುತ್ತಾನೆ. ಈಚೆಗೆ ಹೃದಯಾಘಾತ ಆದವರನ್ನು, ಕಣ್ಣಿನ ಆಪರೇಷನ್ ಆದವರನ್ನು, ಕಫದಲ್ಲಿ ರಕ್ತ ಬರುವವರನ್ನು, ಟಿಬಿ ಅನುಮಾನ ಇನ್ನೂ ಬಗೆಹರಿಯದವರನ್ನು ಊದಿಸಬಾರದು.

ರಿಪೋರ್ಟ್ ಓದುವಾಗಲೂ ಎಚ್ಚರ ಬೇಕು. ಎಪ್ಪತ್ತು ದಾಟಿದ ಅಜ್ಜನಿಗೆ ಮೊದಲ ಸೆಕೆಂಡಿನ ಗಾಳಿಯ ಪಾಲು ನೂರಕ್ಕೆ 68 ಬಂದರೆ ಅದು ವಯಸ್ಸಿನದೇ ಇರಬಹುದು. ಇಪ್ಪತ್ತರ ಹುಡುಗಿಗೆ ಇವತ್ತು ಪೂರ್ತಿ ಸರಿ ಬಂದರೆ ಅಸ್ತಮಾ ಇಲ್ಲ ಅಂತ ಅರ್ಥ ಅಲ್ಲ. ಅಸ್ತಮಾ ಬಂದು ಹೋಗುವ ಕಾಯಿಲೆ. ಅವಳು ಚೆನ್ನಾಗಿರುವ ದಿನ ಬಂದಿರಬಹುದು. ಮೆಷಿನ್ ಅಂಕಿ ಕೊಡುತ್ತದೆ. ಆ ಅಂಕಿಯನ್ನು ಮನುಷ್ಯನ ಜೊತೆ ಕೂಡಿಸಿ ಓದುವುದು ನೀವೇ.

"ನಮಗೆ ಒಬ್ಬ ರೋಗಿಗೆ ಐದು ನಿಮಿಷವೂ ಸಿಗಲ್ಲ, ಇದನ್ನೆಲ್ಲ ಯಾವಾಗ ಮಾಡೋದು?" ಅಂತ ನಿಮ್ಮಲ್ಲಿ ಒಬ್ಬರು ನನ್ನನ್ನೇ ಕೇಳಿದ್ದರು. ನ್ಯಾಯವಾದ ಮಾತು. ಊದಿಸುವ ಕೆಲಸ ನೀವು ಮಾಡಬೇಡಿ. ನಿಮ್ಮ ನರ್ಸ್ ಮಾಡಲಿ, ಲ್ಯಾಬ್ ಹುಡುಗ ಮಾಡಲಿ. ಎಲ್ಲ ದಿನವೂ ಬೇಡ. ವಾರಕ್ಕೆ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ, ನಾಲ್ಕೈದು ಜನ ಸಾಕು. ಈಗ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮೆಷಿನ್ನುಗಳು ಬಂದಿವೆ, ಲ್ಯಾಪ್‌ಟಾಪಿಗೆ ಜೋಡಿಸಿದರೆ ಗೆರೆ ಕಾಣುತ್ತದೆ. ಕೊಳ್ಳಲು ಆಗದಿದ್ದರೆ ಊರಿನ ಮೂರು ನಾಲ್ಕು ಡಾಕ್ಟರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಅದೂ ಆಗದಿದ್ದರೆ ಚೀಟಿಯಲ್ಲಿ "ಸ್ಪೈರೊಮೆಟ್ರಿ, ಔಷಧಿಗೆ ಮುಂಚೆ ಮತ್ತು ಆಮೇಲೆ" ಅಂತ ಒಂದು ಸಾಲು ಬರೆದು ಜಿಲ್ಲಾಸ್ಪತ್ರೆಗೆ ಕಳಿಸಿ. ಆ ಅಮ್ಮನ ಒಂಬತ್ತು ವರ್ಷದ ಚೀಟಿಗಳಲ್ಲಿ ಇರದೇ ಇದ್ದದ್ದು ಆ ಒಂದು ಸಾಲು.

ಮಾನ್ಯ ಸಚಿವರೇ, ಈಗ ನಿಮ್ಮ ಹತ್ತಿರ.

ಬಿಪಿ, ಶುಗರ್, ಕ್ಯಾನ್ಸರ್ ನೋಡುವ ರಾಷ್ಟ್ರೀಯ ಕಾರ್ಯಕ್ರಮದ ಪಟ್ಟಿಯಲ್ಲಿ ಸಿಒಪಿಡಿ ಮತ್ತು ಅಸ್ತಮಾ ಕೂಡ ಇವೆ. ನಮ್ಮ ಆಶಾ ಅಕ್ಕಂದಿರು ಮೂವತ್ತು ದಾಟಿದವರ ಮನೆಗೆ ಹೋಗಿ ಒಂದು ಫಾರಂ ತುಂಬುತ್ತಾರೆ. ಅದರಲ್ಲಿ ಅಡುಗೆಗೆ ಯಾವ ಉರುವಲು ಅಂತ ಕೇಳುತ್ತಾರೆ. ಬೆಳೆಯ ಕಸ ಸುಡುತ್ತೀರಾ, ಇಟ್ಟಿಗೆ ಭಟ್ಟಿಯಂಥ ಹೊಗೆ ಧೂಳಿನ ಜಾಗದಲ್ಲಿ ಕೆಲಸ ಮಾಡುತ್ತೀರಾ ಅಂತ ಕೇಳುತ್ತಾರೆ. ಏದುಸಿರು ಬರುತ್ತಾ ಅಂತಲೂ ಕೇಳುತ್ತಾರೆ. ಎಷ್ಟು ಒಳ್ಳೆಯ ಪ್ರಶ್ನೆಗಳು! ಬಿಸಿಲಿನಲ್ಲಿ ಮನೆ ಮನೆ ತಿರುಗಿ ಅಷ್ಟು ಕಷ್ಟಪಟ್ಟು ಕೇಳಿ ಬರೆದುಕೊಳ್ಳುತ್ತಾರೆ. "ಹೌದು" ಅಂತ ಗುರುತು ಹಾಕಿದ ಮೇಲೆ ಏನು? ಬಿಪಿ ಹೌದು ಅಂದರೆ ಮಾತ್ರೆ ಇದೆ. ಶುಗರ್ ಹೌದು ಅಂದರೆ ಮತ್ತೆ ರಕ್ತ ನೋಡುತ್ತಾರೆ. 2024ರಲ್ಲಿ ಶುರುವಾದ ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಂತೂ ಅವೆರಡನ್ನೂ ಮನೆ ಬಾಗಿಲಲ್ಲೇ ನೋಡುತ್ತಿದ್ದಾರೆ. ಉಸಿರಿನ ಪ್ರಶ್ನೆಗೆ ಹೌದು ಅಂದ ಹೆಂಗಸು ಎಲ್ಲಿಗೆ ಹೋಗಬೇಕು? ನನ್ನ ಹತ್ತಿರ ಬಂದವರಲ್ಲಿ ಆ ಫಾರಂ ಹಿಡಿದು ಬಂದವರನ್ನು ನಾನು ಇವತ್ತಿನ ತನಕ ಕಂಡಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಒಂದು ಮೆಷಿನ್ ಇರಲಿ, ಅದನ್ನು ನಡೆಸಲು ಕಲಿತ ಒಬ್ಬ ಮನುಷ್ಯ ಇರಲಿ. ಮನುಷ್ಯ ಇಲ್ಲದೆ ಬರೀ ಮೆಷಿನ್ ಕಳಿಸಬೇಡಿ, ಅದು ಬೀರುವಿನಲ್ಲಿ ಕವರ್ ಬಿಚ್ಚದೆ ಕೂರುತ್ತದೆ. ಎರಡು ದಿನದ ಕಾರ್ಯಾಗಾರ ಮಾಡಿ ಸರ್ಟಿಫಿಕೇಟ್ ಕೊಟ್ಟು ಕೈಬಿಡಬೇಡಿ. ಕಲಿತವರು ಮಾಡಿದ ಮೊದಲ ಐವತ್ತು ರಿಪೋರ್ಟುಗಳನ್ನು ಜಿಲ್ಲೆಯ ಎದೆರೋಗ ತಜ್ಞರು ನೋಡಿ ತಿದ್ದಲಿ. ಇದಕ್ಕೆ ಯಾರೂ ಓಡಾಡಬೇಕಿಲ್ಲ, ಫೋನಿನಲ್ಲೇ ಗೆರೆ ಕಳಿಸಬಹುದು. ಆ ಮೆಷಿನ್ ಮತ್ತು ಆ ಮನುಷ್ಯ ತಿಂಗಳಿಗೊಮ್ಮೆ ಗೊತ್ತು ಮಾಡಿದ ದಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ. ನಗರದಲ್ಲಿ ಸರ್ಕಾರದ "ನಮ್ಮ ಕ್ಲಿನಿಕ್"ಗಳಿಗೂ ಹೋಗಲಿ. ಆಶಾ ಅಕ್ಕ ಹೌದು ಅಂತ ಗುರುತು ಹಾಕಿದವರನ್ನು ಆ ದಿನವೇ ಕರೆಸಲಿ.

ಇನ್ನೊಂದು ಇದೆ. ಇದಿಲ್ಲದಿದ್ದರೆ ಮೇಲಿನದೆಲ್ಲ ವ್ಯರ್ಥ. ಇನ್ಹೇಲರ್ ಮತ್ತು ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಡಬ್ಬಿ) ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ ಕೋಣೆಯಲ್ಲಿ ವರ್ಷವಿಡೀ ಇರಬೇಕು. ಕಾಯಿಲೆ ಹೆಸರು ಹೇಳಿ ಔಷಧಿ ಹೊರಗೆ ಕೊಂಡುಕೊಳ್ಳಿ ಅಂದರೆ, ಕೂಲಿ ಮಾಡುವವರು ಒಂದು ತಿಂಗಳು ಕೊಳ್ಳುತ್ತಾರೆ, ಎರಡನೇ ತಿಂಗಳು ಇಂಜೆಕ್ಷನ್ನಿಗೆ ವಾಪಸ್ ಹೋಗುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಒಂದು ಸಲ ಅಲ್ಲ.

ಭಟ್ಟಿಯ ಆ ಅಮ್ಮ ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಇನ್ಹೇಲರ್ ಎಳೆಯುವುದನ್ನು ಸರಿಯಾಗಿ ಕಲಿತಿದ್ದಾರೆ. ಇಂಜೆಕ್ಷನ್ ನಿಂತಿದೆ. ಅಂಕಿ 42ರಲ್ಲೇ ಇದೆ, ಇನ್ನು ಅದು ಮೇಲೇರುವುದಿಲ್ಲ. ಹೋದ ಸಲ ತನ್ನ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಅವಳಿಗೆ 36. ಅವಳೂ ಭಟ್ಟಿಗೆ ಹೋಗುತ್ತಾಳೆ, ಎರಡು ಚಳಿಗಾಲದಿಂದ ಕೆಮ್ಮುತ್ತಿದ್ದಾಳೆ. "ನನಗೆ ತಡ ಆಯ್ತು, ಇವಳಿಗೆ ಈಗಲೇ ಊದಿಸಿ ಮೇಡಂ" ಅಂದರು. ಊದಿಸಿದೆ. ಸಿಕ್ಕದ್ದು ಅಸ್ತಮಾ. ಔಷಧಿ ಕೊಟ್ಟ ಮೇಲೆ ಅವಳ ಗೆರೆ ಸರಿಯಾದ ಜಾಗಕ್ಕೆ ಬಂತು.

ಡಾಕ್ಟರೇ, ಶನಿವಾರ ಮಧ್ಯಾಹ್ನ ಎರಡರ ಮೇಲೆ ನನ್ನ ರೂಮಿನಲ್ಲಿ ರೋಗಿಗಳು ಇರುವುದಿಲ್ಲ. ಮೇಲಿನವರ ಒಪ್ಪಿಗೆ ಕೇಳಿದ್ದೇನೆ, ಕೊಟ್ಟಿದ್ದಾರೆ. ನಿಮ್ಮ ನರ್ಸನ್ನು ಕಳಿಸಿ. ನಾಲ್ಕು ಶನಿವಾರ ಬಂದರೆ ಸಾಕು, ಊದಿಸುವುದನ್ನು ನಾನು ಕಲಿಸಿಕೊಡುತ್ತೇನೆ. ಫೀಸ್ ಏನೂ ಬೇಡ. ಅವರು ಬರುವಾಗ ನಿಮ್ಮ ಹತ್ತಿರ ವರ್ಷಗಟ್ಟಲೆ ಕೆಮ್ಮುತ್ತಾ ಬರುತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಬರಲಿ.

ಇಂತಿ ನಿಮ್ಮ,
ಊದಿಸುವ ರೂಮಿನ ಟೆಕ್ನಿಷಿಯನ್
ದಾವಣಗೆರೆ